ಬಿಳಿ ನೂಲಿನ ತೇಪೆ

ಹೊಳಲ್ಕೆರೆ
12 ಆಗಸ್ಟ್ 1974

ಗೆಳೆಯ ಮುದ್ದಣ್ಣನಿಗೆ,

ಬಂದಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಕ್ಷೇಮ ಸಮಾಚಾರ ಆಮೇಲೆ. ಕ್ಯಾಮೆರಾ ಹನ್ನೊಂದು ಸಲ ಒತ್ತಿದ್ದರಲ್ಲಿ ಒಂಬತ್ತು ಬರೀ ಮಂಜು, ಒಂದರ ತುಂಬ ನಿಮ್ಮ ಟಗರಿನ ಹಿಂಭಾಗ. ಉಳಿದ ಒಂದರಲ್ಲಿ ನಿಮ್ಮ ಎರ್ಲಡ್ಡು ಹಕ್ಕಿ ನಿಂತಿದೆ ನೋಡು, ಮದುವೆಮನೆಗೆ ಬಂದ ಬೀಗರ ಹಾಗೆ ಎದೆಯುಬ್ಬಿಸಿ, ಕತ್ತು ನೆಟ್ಟಗೆ ಮಾಡಿ. ಸೊಂಟದೆತ್ತರದ ಹಕ್ಕಿ, ಹುಲ್ಲಿನ ನಡುವೆ ಕಾಲುಗಳು ಕೂಡ ಕಾಣುತ್ತವೆ. ಕಣ್ಣು ನೇರ ನನ್ನ ಕಡೆಗಿದೆ, ಭಯವೇ ಇಲ್ಲ. ಹತ್ತು ವರ್ಷದಿಂದ ಈ ಊರಿನ ಮದುವೆ, ನಾಮಕರಣ, ಹೆಣ ಎಲ್ಲದರ ಫೋಟೋ ತೆಗೆದಿದ್ದೇನೆ. ಯಾವ ಮದುಮಗಳೂ ನನ್ನನ್ನು ಇಷ್ಟು ನಂಬಿ ನೋಡಿಲ್ಲ.

ಮೊದಲ ಎರಡು ದಿನ ನಾನು ಪ್ಯಾಂಟು ಷರಟು ಹಾಕಿಕೊಂಡು ಎರೆಹೊಲದ ತುಂಬ ಅಲೆದದ್ದು ನೆನೆದರೆ ಈಗ ನಗು ಬರುತ್ತದೆ. ಎರಡು ಫರ್ಲಾಂಗು ದೂರದಲ್ಲಿ ನನ್ನನ್ನು ಕಂಡರೆ ಸಾಕು, ಹಕ್ಕಿ ಮಾಯ. ನೀನು ಬೇಲಿಯ ಪಕ್ಕ ಕೂತು ಬಾಯಿಗೆ ಟವೆಲು ಅಡ್ಡ ಇಟ್ಟುಕೊಂಡು ನಕ್ಕೆಯಲ್ಲ, ಆಗ ಸಿಟ್ಟು ಬಂದಿತ್ತು. ಹಿರಿಯೂರು ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಏಳನೆಯವರೆಗೆ ಕೂತವರು ನಾವು, ಅಲ್ಲಿ ಲೆಕ್ಕ ನಾನು ಹೇಳಿಕೊಡುತ್ತಿದ್ದೆ. ಇಲ್ಲಿ ನೀನೇ ಮೇಷ್ಟ್ರು. ಮೂರನೆಯ ದಿನ ತಲೆಯ ಮೇಲಿಂದ ಕಂಬಳಿ ಕೊಪ್ಪೆ ಹಾಕಿಸಿ, ಬೆನ್ನು ಬಗ್ಗಿಸಿ, ಕುರಿಗಳ ನಡುವೆ ಕುರಿಯ ಹಾಗೆ ನಡೆಸಿದೆ. ಹಕ್ಕಿಯ ಕಡೆ ನೋಡಬೇಡ, ನೆಲ ನೋಡುತ್ತ ಹೋಗು ಅಂದೆ. ನಲವತ್ತು ಹೆಜ್ಜೆ ಹತ್ತಿರ ಹೋದೆ. ಅದು ಹುಳ ಹೆಕ್ಕುತ್ತಲೇ ಇತ್ತು. ಹುಟ್ಟಿದಾಗಿನಿಂದ ಕಂಬಳಿ ಕಂಡ ಹಕ್ಕಿ, ಕಂಬಳಿಯಿಂದ ಕೇಡು ಕಾಣದ ಹಕ್ಕಿ.

ನಿಮ್ಮವ್ವ ಓಬವ್ವನವರು ಆ ಕಂಬಳಿಯನ್ನು ನನಗೇ ಕೊಟ್ಟುಬಿಟ್ಟದ್ದು ನನ್ನ ಪುಣ್ಯ. ಅವರೇ ನೂತ ಉಣ್ಣೆ, ಒಲೆಯ ಕಿಡಿ ಸಿಡಿದು ಸುಟ್ಟ ಜಾಗಕ್ಕೆ ಅವರೇ ಹಾಕಿದ ಅಂಗೈಯಗಲದ ಬಿಳಿ ನೂಲಿನ ತೇಪೆ. ಹೊದೆಸುವಾಗ ಹೆಗಲ ಮೇಲೆ ಕೈಯಿಟ್ಟು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಇದನ್ನ ಹೊದ್ದೋನು ಆ ಹಕ್ಕಿಗೆ ಕೇಡು ಬಗೀಬಾರ್ದು ಕಣಪ್ಪ. ಕಂಬಳಿ ಮುಟ್ಟಿ ಹೇಳು." ಮುಟ್ಟಿ ಹೇಳಿದೆ. ಅದೇ ಹೊತ್ತಿಗೆ ನಿನ್ನ ತಮ್ಮ ಕಾಟಯ್ಯ ನನ್ನ ಕ್ಯಾಮೆರಾ ಕಸಿದು ಒಂದು ಒತ್ತಿದನಲ್ಲ, ಅದನ್ನಿನ್ನೂ ಪ್ರಿಂಟು ಮಾಡಿಲ್ಲ. ಪೇಪರು ಮುಗಿದಿದೆ, ಬಂದ ಮೇಲೆ ಕಳಿಸುತ್ತೇನೆ.

ಅವ್ವನಿಗೆ ನಮಸ್ಕಾರ. ಹಕ್ಕಿಯ ಪ್ರತಿ ಇದರ ಜೊತೆಗಿದೆ, ಮಡಿಚಬೇಡ.

ನಿನ್ನ
ಪರಮೇಶಿ


ಕರೇಕಲ್ಲಹಟ್ಟಿ
5 ಸೆಪ್ಟೆಂಬರ್ 1974

ಪರಮೇಶಿಗೆ,

ಪಟ ಮುಟ್ಟಿತು. ಅವ್ವ ಮೊದಲು ತಲೆಕೆಳಗು ಹಿಡಿದುಕೊಂಡು ಹುಲ್ಲು ಚೆನ್ನಾಗಿ ಬಂದಿದೆ ಅಂದಳು. ತಿರುಗಿಸಿ ಕೊಟ್ಟ ಮೇಲೆ ಸೆರಗಿನಿಂದ ಒರೆಸಿ ತಾನೇ ಎತ್ತಿಟ್ಟಳು. ಈಗ ಅದು ದೇವರ ಗೂಡಿನ ಪಕ್ಕ ಇದೆ. ದೇವರ ಸಾಲಿಗೆ ಸೇರಿಸಿಲ್ಲ, ಪಕ್ಕದಲ್ಲಿ.

ಕಾಟಯ್ಯನಿಗೆ ನಿನ್ನ ಕ್ಯಾಮೆರಾದ ಹುಚ್ಚು ಹಿಡಿದಿದೆ. ಎರಡು ಕೈಬೆರಳು ಚೌಕ ಮಾಡಿ ಕುರಿ, ಕೋಳಿ, ನನ್ನ ಹೆಂಡತಿ ಎಲ್ಲರನ್ನೂ ಅದರೊಳಗೆ ನೋಡುತ್ತಾನೆ. ಇಪ್ಪತ್ತೆರಡು ತುಂಬಿತು, ಬುದ್ಧಿ ಇನ್ನೂ ಮರಿಯದು. ಹೋದ ವರ್ಷ ಗೌಜಲಹಕ್ಕಿ ಹಿಡಿದು ಹಿರಿಯೂರಲ್ಲಿ ಮಾರಿ ಬಂದಿದ್ದನಲ್ಲ, ಆಗ ಅವ್ವ ಮೂರು ದಿನ ಅವನಿಗೆ ಅನ್ನ ಬಡಿಸಲಿಲ್ಲ. ಅದಾದ ಮೇಲೆ ಸರಿಯಾಗಿದ್ದಾನೆ.

ಹೆಣ್ಣು ಮೊಟ್ಟೆ ಇಟ್ಟಿದೆ. ಅದು ಇಡುವುದೇ ಒಂದು, ಅದೂ ಬಟಾ ಬಯಲಲ್ಲಿ. ನಮ್ಮಪ್ಪನ ಕಾಲದಿಂದ ಮಾಡಿದ ಹಾಗೆ ನಾಲ್ಕು ಕಲ್ಲು ಗುರುತಿಟ್ಟು ಮಂದೆಯನ್ನು ಹಳ್ಳದ ಆಚೆ ಹೊಡೆದಿದ್ದೇವೆ. ನಮ್ಮಪ್ಪ ಎಣಿಸಿದಾಗ ಹದಿನಾಲ್ಕು ಹಕ್ಕಿ. ನಾನು ಎಣಿಸುವುದು ಎರಡು, ಮೊಟ್ಟೆ ಸೇರಿಸಿದರೆ ಮೂರು.

ಒಂದು ಮಾತು. ನಮ್ಮ ಊರಿನ ಹೆಸರು, ಕಂಬಳಿಯ ವಿಷಯ ಯಾರ ಮುಂದೆಯೂ ಬೇಡ. ನಿನಗೆ ಹೇಳುವ ಅಗತ್ಯವಿಲ್ಲ, ಆದರೂ ಹೇಳಿದೆ.

ನಿನ್ನ
ಮುದ್ದಣ್ಣ


ಹೊಳಲ್ಕೆರೆ
19 ಜನವರಿ 1975

ಪ್ರೀತಿಯ ಮುದ್ದಣ್ಣ,

ಉತ್ತರ ತಡವಾಯಿತು, ಬೈದುಕೋ. ಮದುವೆಗಳ ಮೇಲೆ ಮದುವೆ. ಬಸ್ಸಿನ ಟಾಪಿನ ಮೇಲೆ ಕೂತು ಹೊರಕೆರೆದೇವಪುರ, ಹೊಸದುರ್ಗ ಎಂದು ತಿರುಗಿ ನನ್ನ ಬೆನ್ನು ನಿಮ್ಮ ಮುದಿ ಟಗರಿನದಾಗಿದೆ.

ಹಕ್ಕಿಯ ಚಿತ್ರ ದೊಡ್ಡದು ಮಾಡಿಸಿ ಅಂಗಡಿಯ ಗೋಡೆಗೆ ಹಾಕಿದ್ದೇನೆ. ಅದರ ಕೆಳಗೇ ಅವ್ವನ ಕಂಬಳಿ ತೂಗುಹಾಕಿದ್ದೇನೆ. ಫೋಟೋ ತೆಗೆಸಲು ಬಂದವರು ಕುರ್ಚಿಯ ಮೇಲೆ ಕೂತು ಬಾಚಣಿಗೆ ಹಿಡಿದುಕೊಂಡೇ ಅದನ್ನು ನೋಡುತ್ತಾರೆ. ಇದು ಯಾವ ದೇಶದ ಹಕ್ಕಿ ಅಂತ ಕೇಳುತ್ತಾರೆ. ನಮ್ಮದೇ ಅಂದರೆ ನಂಬುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಹಕ್ಕಿಗೂ ಸಲ್ಲುತ್ತದೆ ನೋಡು. ನನ್ನ ಅಂಗಡಿಯ ಕಟ್ಟಡದ ಯಜಮಾನರು ಜಂಬಣ್ಣನವರು ಕೂಡ ಮೊನ್ನೆ ಬಂದು ಅರ್ಧ ಗಂಟೆ ನಿಂತು ನೋಡಿದರು. ಜೀಪು, ಕಂಟ್ರ್ಯಾಕ್ಟು, ಹತ್ತು ಕಡೆ ವ್ಯವಹಾರ ಇರುವ ಮನುಷ್ಯ. ಅವರು ಒಂದು ಹಕ್ಕಿಗಾಗಿ ನಿಂತದ್ದು ನನಗೆ ಹೆಮ್ಮೆಯೆನಿಸಿತು. ಸುಳ್ಳು ಯಾಕೆ ಹೇಳಲಿ.

ನೀನು ಹೇಳಿದ್ದು ನೆನಪಿದೆ. ಕಾಟಯ್ಯನ ಪಟ ಮರೆತಿಲ್ಲ, ಕಳಿಸುತ್ತೇನೆ.

ನಿನ್ನ
ಪರಮೇಶಿ


ಕರೇಕಲ್ಲಹಟ್ಟಿ
20 ಜುಲೈ 1975

ಪರಮೇಶಿ,

ಗಂಡುಹಕ್ಕಿಯನ್ನು ಹೊಡೆದರು. ಸೋಮವಾರ, ಹೋದ ಹದಿನಾಲ್ಕನೆಯ ತಾರೀಕು, ಮಧ್ಯಾಹ್ನದ ಹೊತ್ತು.

ಅವತ್ತು ನಾನು ಬಿತ್ತನೆಯಲ್ಲಿದ್ದೆ. ಮಂದೆಯ ಜೊತೆ ಇರಬೇಕಾದವನು ಕಾಟಯ್ಯ. ಪಕ್ಕದ ಹೊಲದ ಚಿಕ್ಕತಿಮ್ಮಪ್ಪ ದೂರದಿಂದ ನೋಡಿದ್ದಾನೆ. ನಮ್ಮ ಕುರಿಗಳ ನಡುವೆ ಕಂಬಳಿ ಕೊಪ್ಪೆ ಹಾಕಿದವನೊಬ್ಬ ಬೆನ್ನು ಬಗ್ಗಿಸಿ ನಡೆಯುತ್ತಿದ್ದನಂತೆ. ಕಾಟಯ್ಯನೇ ಅಂದುಕೊಂಡು ಮತ್ತೆ ಕೂರಿಗೆ ಹಿಡಿದ. ಆಮೇಲೆ ಬಂದೂಕಿನ ಸದ್ದು. ಇವನು ಓಡಿ ಬರುವಷ್ಟರಲ್ಲಿ ಕುರಿ ದಿಕ್ಕಾಪಾಲು. ನೆಲದ ಮೇಲೆ ಗರಿ, ರಕ್ತ. ಹಕ್ಕಿಯೂ ಇಲ್ಲ, ಮನುಷ್ಯನೂ ಇಲ್ಲ. ಹಿಂದೆಯೇ ಮಳೆ ಬಂದು ಹೆಜ್ಜೆಗುರುತೂ ಉಳಿಯಲಿಲ್ಲ.

ಹೊರಗಿನವರಾದರೆ ಎರಡು ಫರ್ಲಾಂಗಿನಲ್ಲೇ ಹಕ್ಕಿ ಎದ್ದು ಹೋಗುತ್ತಿತ್ತು. ಇದು ಕಂಬಳಿಯ ಗುಟ್ಟು ಬಲ್ಲವರ ಕೆಲಸ. ಬಲ್ಲವರು ನಾನು, ನಮ್ಮವ್ವ, ಕಾಟಯ್ಯ. ನಿನ್ನನ್ನು ಬಿಟ್ಟರೆ ಮತ್ತೆ ಯಾರೂ ಇಲ್ಲ, ನೀನಂತೂ ಅಷ್ಟು ದೂರ.

ಕಾಟಯ್ಯ ಸಂಜೆ ಬಂದ. ಎಲ್ಲಿದ್ದೆ ಅಂದರೆ ಹೇಳುವುದಿಲ್ಲ. ಕುರಿಯನ್ನು ನಾಯಿಯ ಮೇಲೆ ಬಿಟ್ಟು ಹೋಗಿದ್ದೆ ಅನ್ನುತ್ತಾನೆ. ಎಲ್ಲಿಗೆ ಅಂದರೆ ನೆಲ ನೋಡುತ್ತಾನೆ. ಅಪ್ಪ ತನಗೆ ಹೊದೆಸಿದ ಕಂಬಳಿ ಮುಟ್ಟಿ ನಾನಲ್ಲ ಅಂತ ಆಣೆ ಇಟ್ಟ. ಅವ್ವ ನಂಬಿದಳು. ನನಗೆ ನಂಬಿಕೆ ಬರುತ್ತಿಲ್ಲ ಪರಮೇಶಿ. ಗೌಜಲಹಕ್ಕಿ ಮಾರಿದವನಿಗೆ ಇದೇನು ದೊಡ್ಡದು ಅಂತ ಹಟ್ಟಿಯವರೆಲ್ಲ ಅನ್ನುತ್ತಿದ್ದಾರೆ. ಇನ್ನೆರಡು ವಾರದಲ್ಲಿ ಹಿರಿಯರು ಕೂಡುತ್ತಾರೆ. ಕಂಬಳಿ ಮುಟ್ಟಿ ಸುಳ್ಳು ಹೇಳಿದವನನ್ನು ನಮ್ಮಲ್ಲಿ ಇಟ್ಟುಕೊಳ್ಳುವುದಿಲ್ಲ, ನಿನಗೆ ಗೊತ್ತು.

ನೀನು ನಾಲ್ಕು ಜನರನ್ನು ನೋಡಿದವನು. ಏನಾದರೂ ಕಿವಿಗೆ ಬಿದ್ದಿದ್ದರೆ ಬರೆ. ಬೇಗ ಬರೆ.

ಮುದ್ದಣ್ಣ


ಹೊಳಲ್ಕೆರೆ
27 ಜುಲೈ 1975

ಮುದ್ದಣ್ಣ,

ಕಾಟಯ್ಯ ಅಲ್ಲ. ಕಾಟಯ್ಯ ಅಲ್ಲ. ಇದನ್ನು ಓದಿದ ತಕ್ಷಣ ಹಿರಿಯರ ಹತ್ತಿರ ಹೋಗು.

ನಿನ್ನ ಕಾಗದ ಗುರುವಾರ ಬಂತು. ನಿನ್ನೆ ಬೆಳಿಗ್ಗೆ ಜಂಬಣ್ಣನವರ ಡ್ರೈವರು ಒಂದು ಫಿಲ್ಮ್ ರೋಲು ತಂದು ತೊಳೆದುಕೊಡಲು ಹೇಳಿ ಹೋದ. ಡಾರ್ಕ್ ರೂಮಿನಲ್ಲಿ ಮೊದಲ ಪ್ರಿಂಟನ್ನು ಟ್ರೇಯೊಳಗೆ ಬಿಟ್ಟೆ. ಮೊದಲು ಜೀಪಿನ ಗಾಲಿ ಬಂತು. ಆಮೇಲೆ ಇಬ್ಬರು ಆಳುಗಳು ಎರಡು ಕಡೆ ಹಿಡಿದು ಅಗಲಿಸಿದ ರೆಕ್ಕೆಗಳು. ಕತ್ತು ಕೆಳಗೆ ಜೋತಿತ್ತು. ಕೊನೆಗೆ ನಡುವೆ ನಿಂತ ಜಂಬಣ್ಣನವರ ಮುಖ ಬಂತು, ನಗುತ್ತಿದ್ದಾರೆ, ಹೆಗಲ ಮೇಲೆ ಕಪ್ಪು ಕಂಬಳಿ. ಕಂಬಳಿಯ ಮೇಲೆ ಅಂಗೈಯಗಲದ ಬಿಳಿ ತೇಪೆ.

ಮುದ್ದಣ್ಣ, ಅವರಿಗೆ ಹೇಳಿದವನು ನಾನು. ಜನವರಿಯಲ್ಲಿ ಅವರು ಚಿತ್ರದ ಮುಂದೆ ನಿಂತಾಗಲೇ ಹೇಳಿದೆ. ಇಷ್ಟು ಹತ್ತಿರ ಹೇಗೆ ಹೋದಿರಿ ಮಾರಾಯರೇ ಅಂದರು. ದೊಡ್ಡ ಮನುಷ್ಯ ನನ್ನನ್ನು ಬಹುವಚನದಲ್ಲಿ ಕರೆದದ್ದೇ ಸಾಕಾಯಿತು, ಕೊಪ್ಪೆ ಹಾಕುವುದು ಹೇಗೆ, ಬೆನ್ನು ಬಗ್ಗಿಸುವುದು ಹೇಗೆ ಎಂದು ಅಂಗಡಿಯಲ್ಲಿ ನಡೆದೇ ತೋರಿಸಿದೆ. ನೆಲ ನೋಡುತ್ತ ಹೋಗಬೇಕು ಎಂದೆ. ಊರ ಹೆಸರು ಹೇಳಲಿಲ್ಲ, ಹಿರಿಯೂರು ಕಡೆ ಎಂದೆ. ಅದೆಷ್ಟು ದೊಡ್ಡ ಸೀಮೆ ಎಂದರು. ಕರೇಕಲ್ಲು ಎಂಬ ಮಾತು ಬಾಯಿಂದ ಬಿದ್ದುಹೋಯಿತು. ಈ ತಿಂಗಳ ಹತ್ತನೆಯ ತಾರೀಕು ಬಂದು, ಹೊಲದ ಕಡೆ ಹೋಗುವುದಿದೆ, ಮಳೆ ಹಿಡಿದಿದೆ, ಆ ಕಂಬಳಿ ನಾಲ್ಕು ದಿನ ಕೊಡಿ ಎಂದು ಕೇಳಿದರು. ಗೋಡೆಯಿಂದ ಇಳಿಸಿ ನಾನೇ ಕೊಟ್ಟೆ.

ವಾಪಸು ಬಂದಿದೆ. ಸೋಪು ಹಾಕಿ ಒಗೆಸಿ, ಇಸ್ತ್ರಿ ಬಟ್ಟೆಯ ಹಾಗೆ ಮಡಿಚಿ ಕಳಿಸಿದ್ದಾರೆ. ಕಂಬಳಿಯನ್ನು ಸೋಪು ಹಾಕಿ ಯಾರಾದರೂ ಒಗೆಯುತ್ತಾರೆಯೇ? ಕಂಡಾಗಲೇ ಅನುಮಾನ ಬರಬೇಕಿತ್ತು. ಶ್ರೀಮಂತರ ಮನೆಯ ಶುಚಿ ಎಂದುಕೊಂಡೆ.

ಅವ್ವನ ಮುಂದೆ ಕಂಬಳಿ ಮುಟ್ಟಿ ಸುಳ್ಳಾದವನು ನಾನು. ಇದನ್ನು ನಾಳೆ ಬೆಳಿಗ್ಗೆ ಮೊದಲ ಟಪಾಲಿಗೆ ಹಾಕುತ್ತೇನೆ.

ಪರಮೇಶ್ವರಪ್ಪ

(ಮೇಲಿನ ಪತ್ರವನ್ನು ಆಗ ಅಂಚೆಗೆ ಹಾಕಲಿಲ್ಲ.)


ಹೊಳಲ್ಕೆರೆ
30 ಜುಲೈ 1975

ಪ್ರಿಯ ಮುದ್ದಣ್ಣ,

ನಿನ್ನ ಕಾಗದ ಓದಿ ಬಹಳ ದುಃಖವಾಯಿತು. ಎಂಥ ಹಕ್ಕಿ. ಎರಡು ದಿನದಿಂದ ಊಟ ಸೇರಿಲ್ಲ.

ಕಾಟಯ್ಯನನ್ನು ಅವಸರದಲ್ಲಿ ದೂರಬೇಡ. ಅವನು ಆಣೆ ಇಟ್ಟು ಸುಳ್ಳು ಹೇಳುವ ಹುಡುಗನಲ್ಲ ಎಂದು ನನ್ನ ಮನಸ್ಸು ಹೇಳುತ್ತದೆ. ಕಾಲ ಕೆಟ್ಟಿದೆ, ಜೀಪಿನವರು ಯಾರಾದರೂ ಇರಬಹುದು. ಅವರಿಗೂ ಇಂಥ ಉಪಾಯಗಳು ಹೇಗೋ ತಿಳಿದಿರುತ್ತವೆ. ನನಗೆ ಇಲ್ಲಿ ಏನೂ ಗೊತ್ತಾಗಿಲ್ಲ, ಗೊತ್ತಾದರೆ ಖಂಡಿತ ತಿಳಿಸುತ್ತೇನೆ.

ಅವ್ವನಿಗೆ ಸಮಾಧಾನ ಹೇಳು.

ನಿನ್ನ
ಪರಮೇಶಿ


ಕರೇಕಲ್ಲಹಟ್ಟಿ
21 ಸೆಪ್ಟೆಂಬರ್ 1975

ಪರಮೇಶಿಗೆ,

ಹಿರಿಯರು ಕೂಡಿದ ದಿನ ನಿನ್ನ ಕಾಗದ ಓದಿದೆ. ನೀನು ಓದಿದವನು, ನಿನ್ನ ಮಾತಿಗೆ ತೂಕ ಬಂದೀತು ಅನ್ನುವ ಆಸೆ. ಕೇಳಿಸಿಕೊಂಡು ಒಬ್ಬರು, ಇವನಿಗೆ ಏನು ಗೊತ್ತಂತೆ ಅಂದರು. ಏನೂ ಗೊತ್ತಿಲ್ಲ ಅಂತಲೇ ಬರೆದಿದ್ದಾನೆ ಅಂದೆ. ಸರಿ ಮಡಿಚಿ ಇಟ್ಟುಕೋ ಅಂದರು.

ಕಾಟಯ್ಯನನ್ನು ಮೂರು ಸಲ ಕೇಳಿದರು. ಆ ಸೋಮವಾರ ಎಲ್ಲಿದ್ದೆ ಹೇಳು, ಮುಗಿಯಿತು. ಅವನು ನನ್ನ ಮುಖ ನೋಡಿದ, ಅವ್ವನ ಮುಖ ನೋಡಿದ, ಹೇಳಲಿಲ್ಲ. ನಾನು ಅಣ್ಣ, ಅಪ್ಪನ ಜಾಗದಲ್ಲಿ ಇರುವವನು. ಅವನ ಹೆಗಲ ಮೇಲಿನ ಕಂಬಳಿಯನ್ನು ನನ್ನ ಕೈಯಿಂದಲೇ ತೆಗೆಯಿಸಿದರು. ತೆಗೆಯುವಾಗ ಹಿಡಿದುಕೊಳ್ಳುತ್ತಾನೇನೋ ಅಂದುಕೊಂಡೆ. ಹಿಡಿದುಕೊಳ್ಳಲಿಲ್ಲ. ತೋಳು ಸ್ವಲ್ಪ ಎತ್ತಿ ಸಲೀಸು ಮಾಡಿಕೊಟ್ಟ. ಚಿಕ್ಕವನಿದ್ದಾಗ ಅಂಗಿ ಬಿಚ್ಚುವಾಗ ಹೀಗೇ ಎತ್ತುತ್ತಿದ್ದ.

ಸೋನೆ ಮಳೆಯಲ್ಲಿ ಬರೀ ಅಂಗಿಯ ಮೇಲೆ ಹಟ್ಟಿ ಬಿಟ್ಟು ಹೋದ. ಏಳು ವಾರವಾಯಿತು, ಸುದ್ದಿಯಿಲ್ಲ. ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ರೊಟ್ಟಿ ಮಾಡಿಡುತ್ತಾಳೆ, ಕರೆಯುವುದಿಲ್ಲ.

ಇನ್ನೊಂದು ಹೇಳಬೇಕು. ಹೆಣ್ಣು ಹಕ್ಕಿ ಇನ್ನೂ ಇದೆ. ಆದರೆ ನನ್ನನ್ನು ಕಂಡರೆ ಹಾರುತ್ತದೆ. ಮೂವತ್ತು ವರ್ಷ ನಾನು ಆ ಹಕ್ಕಿಗಳ ಪಕ್ಕದಲ್ಲಿ ಹಾದು ಹೋದವನು, ಅವು ತಲೆಯೆತ್ತಿ ಸಹ ನೋಡುತ್ತಿರಲಿಲ್ಲ. ಈಗ ಕಂಬಳಿ ಅಷ್ಟು ದೂರ ಕಂಡರೆ ಸಾಕು, ಎದ್ದು ಹೋಗುತ್ತದೆ. ಕಂಬಳಿ ಮನೆಯಲ್ಲಿಟ್ಟು ಬಿಳಿ ದುಪ್ಪಟಿ ಹೊದ್ದು ಹೋಗಿ ನೋಡಿದೆ. ನೆನೆದು ಜ್ವರ ಬಂದದ್ದೇ ಬಂತು. ಈ ವರ್ಷ ಮೊಟ್ಟೆಯ ಸುತ್ತ ಕಲ್ಲು ಇಡುವ ಕೆಲಸ ಬೀಳಲಿಲ್ಲ.

ಒಂದು ಸಲ ಬಂದು ಹೋಗು. ಅವ್ವ ನಿನ್ನನ್ನು ಕೇಳುತ್ತಿರುತ್ತಾಳೆ. ನನ್ನನ್ನಲ್ಲ, ನನ್ನ ಹೆಂಡತಿಯನ್ನು ಕೇಳುತ್ತಾಳೆ, ಆ ಪಟದ ಹುಡುಗ ಯಾವಾಗ ಬರುತ್ತಾನೆ ಅಂತ.

ಮುದ್ದಣ್ಣ


ಹೊಳಲ್ಕೆರೆ
3 ಡಿಸೆಂಬರ್ 1975

ಪ್ರಿಯ ಮುದ್ದಣ್ಣ,

ಬರಬೇಕೆಂದು ಎರಡು ಸಲ ಹೊರಟೆ. ಒಮ್ಮೆ ಚಿತ್ರದುರ್ಗದ ಬಸ್‌ಸ್ಟ್ಯಾಂಡಿನವರೆಗೂ ಬಂದಿದ್ದೆ. ಮೈ ಸರಿಯಿರಲಿಲ್ಲ, ಹಿಂದಿರುಗಿದೆ. ಈ ತಿಂಗಳು ಕಟ್ಟಡದ ಯಜಮಾನರ ಮಗಳ ಮದುವೆ, ಐದು ದಿನವೂ ನಾನೇ ಇರಬೇಕಂತೆ. ಸಂಕ್ರಾಂತಿ ಕಳೆಯಲಿ, ನೋಡೋಣ.

ಕಾಟಯ್ಯ ಬಂದನೇ?

ಪರಮೇಶಿ


ಕರೇಕಲ್ಲಹಟ್ಟಿ
22 ಫೆಬ್ರವರಿ 1976

ಪರಮೇಶಿಗೆ,

ಅವ್ವ ಹೋದಳು. ಇವತ್ತಿಗೆ ಹನ್ನೆರಡು ದಿನ.

ನಾಲ್ಕು ದಿನ ಉಸಿರು ಎಳೆದಳು. ಕೊನೆಯ ದಿನ ನನ್ನ ಕೈ ಹಿಡಿದು ಮಾತಾಡಿದಳು, ಆರು ತಿಂಗಳ ಮೇಲೆ. "ಕಾಟ ಸುಳ್ಳು ಹೇಳಿಲ್ಲ ಕಣೋ. ಅವನ ಕಂಬಳಿ ಅವನಿಗೆ ಹೊದಿಸು" ಅಂದಳು. ಹೊದಿಸುತ್ತೇನೆ ಅಂದೆ. ಎಲ್ಲಿದ್ದಾನೋ ಯಾರಿಗೆ ಗೊತ್ತು. ಮಣ್ಣಿಗೂ ಬರಲಿಲ್ಲ. ಬರಲು ಅವನಿಗೆ ಹೇಳಿದವರಾದರೂ ಯಾರು.

ನಿನ್ನಿಂದ ಒಂದು ಕೆಲಸ ಆಗಬೇಕು. ಅವ್ವನ ಪಟ ಮನೆಯಲ್ಲಿ ಒಂದೂ ಇಲ್ಲ. ಪಟ ತೆಗೆಸಿದರೆ ಆಯಸ್ಸು ಕಡಿಮೆ ಅಂತ ಅವಳು ಯಾವತ್ತೂ ನಿಲ್ಲಲಿಲ್ಲ. ನಿನಗೆ ಕಂಬಳಿ ಹೊದೆಸುವಾಗ ಕಾಟಯ್ಯ ಅವಳಿಗೆ ತಿಳಿಯದ ಹಾಗೆ ಒಂದು ಒತ್ತಿದ್ದನಲ್ಲ, ಅದು ಬಂದಿದೆಯಾ? ಬಂದಿದ್ದರೆ ಕಳಿಸು. ಮುಖ ಕಂಡರೆ ಸಾಕು.

ಮುದ್ದಣ್ಣ


ಹೊಳಲ್ಕೆರೆ
14 ಮಾರ್ಚ್ 1976

ಮುದ್ದಣ್ಣ,

ಬಂದಿದೆ. ಕಾಟಯ್ಯ ಒತ್ತಿದ್ದು ಬಂದಿದೆ. ಪೊಟ್ಟಣದಲ್ಲಿ ಮೇಲೆಯೇ ಇದೆ, ಮೊದಲು ಅದನ್ನು ನೋಡು. ಉಳಿದದ್ದನ್ನು ನೋಡುವ ಮುಂಚೆ ಕೂತುಕೋ.

ನೆಗೆಟಿವನ್ನು ಒಂದೂವರೆ ವರ್ಷದ ಮೇಲೆ ಡಬ್ಬಿಯಿಂದ ತೆಗೆದೆ. ಅವ್ವ ನನ್ನ ಹೆಗಲ ಮೇಲೆ ಕೈಯಿಟ್ಟಿದ್ದಾರೆ. ಬಾಯಿ ಸ್ವಲ್ಪ ತೆರೆದಿದೆ, ಕೇಡು ಬಗೀಬಾರ್ದು ಕಣಪ್ಪ ಎನ್ನುವ ಹೊತ್ತು ಅದು. ನನ್ನ ಕೈ ಕಂಬಳಿಯ ಮೇಲಿದೆ. ಕೈಯ ಪಕ್ಕದಲ್ಲೇ ಬಿಳಿ ತೇಪೆ. ನೀನು ಕೇಳಿದ್ದು ತಾಯಿಯ ಮುಖ. ಅದನ್ನು ಕಳಿಸಬೇಕಾದರೆ ನನ್ನ ಆಣೆಯನ್ನೂ ಕಳಿಸಬೇಕು. ಕತ್ತರಿ ಹಿಡಿದು ನನ್ನ ಭಾಗ ಕತ್ತರಿಸಿಬಿಡಲೇ ಎಂದೂ ಯೋಚಿಸಿದೆ, ಇದನ್ನೂ ನಿನಗೆ ಹೇಳಿಬಿಡುತ್ತೇನೆ. ಅವ್ವನ ಕೈ ನನ್ನ ಹೆಗಲ ಮೇಲಿತ್ತು. ಕತ್ತರಿಸಲು ಆಗಲಿಲ್ಲ.

ಕೆಳಗೆ ಒಂದು ಹಳೆಯ ಕಾಗದ ಇದೆ. ಅದರ ತಾರೀಕು ನೋಡು, ಜುಲೈ ಇಪ್ಪತ್ತೇಳು. ನೀನು ಹಿರಿಯರ ಮುಂದೆ ಓದಬೇಕಾಗಿದ್ದದ್ದು ಅದು. ಅಂಚೆಪೆಟ್ಟಿಗೆಯ ಮುಂದೆ ನಿಂತು ಜೇಬಿಗೆ ವಾಪಸು ಹಾಕಿಕೊಂಡೆ. ಅಂಗಡಿ ಹೋಗುತ್ತದೆ ಎಂಬ ಭಯ ಮೊದಲಿನದು. ನಿನ್ನ ಮುಂದೆ ಸಣ್ಣವನಾಗುತ್ತೇನೆ ಎಂಬ ಭಯ ಅದಕ್ಕಿಂತ ದೊಡ್ಡದು. ಹೇಗೂ ಕಾಟಯ್ಯನ ಮೇಲೆ ಗಟ್ಟಿ ಸಾಕ್ಷಿ ಇಲ್ಲ, ತಾನೇ ತಣ್ಣಗಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮೂರು ದಿನ ಬಿಟ್ಟು ಬರೆದೆನಲ್ಲ ಆ ಕಾಗದ, ನನಗೆ ಏನೂ ಗೊತ್ತಾಗಿಲ್ಲ ಎಂದು, ಅದನ್ನು ಬರೆಯುವಾಗ ಜಂಬಣ್ಣನವರ ಪ್ರಿಂಟುಗಳು ಎದುರಿನ ಹಗ್ಗದ ಮೇಲೆ ಒಣಗುತ್ತಿದ್ದವು. ಅವರ ಮಗಳ ಮದುವೆಗೂ ಹೋದೆ. ಐದು ದಿನ ಅವರ ನಗುಮುಖಕ್ಕೆ ಬೆಳಕು ಹಿಡಿದೆ.

ಆ ಪ್ರಿಂಟು ಒಂದು ನಿನಗೆ ಇಟ್ಟಿದ್ದೇನೆ. ಇನ್ನೊಂದನ್ನು ದೂರು ಬರೆದು ಚಿತ್ರದುರ್ಗಕ್ಕೆ, ಅರಣ್ಯದವರಿಗೆ ಕೊಟ್ಟು ಬಂದೆ. ಏನಾಗುತ್ತದೋ ತಿಳಿಯದು, ಏನೂ ಆಗದೆಯೂ ಇರಬಹುದು. ಯುಗಾದಿಯೊಳಗೆ ಅಂಗಡಿ ಬಿಡು ಎಂದು ಜಂಬಣ್ಣನವರು ಹೇಳಿಕಳಿಸಿದ್ದಾರೆ. ಅದನ್ನು ನಿನ್ನ ಮುಂದೆ ದೊಡ್ಡಸ್ತಿಕೆಯಾಗಿ ಹೇಳುತ್ತಿಲ್ಲ. ಎಂಟು ತಿಂಗಳು ತಡವಾದ ಕೆಲಸಕ್ಕೆ ಏನು ದೊಡ್ಡಸ್ತಿಕೆ.

ಕಂಬಳಿಯನ್ನೂ ಕಳಿಸಿದ್ದೇನೆ. ಸೋಪಿನ ವಾಸನೆ ಇನ್ನೂ ಹೋಗಿಲ್ಲ.

ಹಿರಿಯರನ್ನು ಕೂಡಿಸು, ಬಂದು ಎಲ್ಲರ ಮುಂದೆ ಹೇಳುತ್ತೇನೆ. ಕಾಟಯ್ಯನ ಕಾಲು ಹಿಡಿಯುತ್ತೇನೆ. ನೀನು ಹೇಳಿದ ದಿನ ಬರುತ್ತೇನೆ. ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ.

ಪರಮೇಶ್ವರಪ್ಪ


ಕರೇಕಲ್ಲಹಟ್ಟಿ
2 ಮೇ 1976

ಪರಮೇಶಿ,

ಪೊಟ್ಟಣ ಮುಟ್ಟಿ ಒಂದೂವರೆ ತಿಂಗಳಾಯಿತು. ಬರೆಯುವುದೋ ಬೇಡವೋ ಅಂತ ಇಷ್ಟು ದಿನ ಇದ್ದೆ. ಕೆಲವು ವಿಷಯ ನಿನಗೆ ತಿಳಿಯಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನ ಎರಡು ಕಾಗದವನ್ನೂ ಹಿರಿಯರ ಮುಂದೆ ಓದಿದೆ. ಈ ಸಲ ಯಾರೂ ಏನೂ ಕೇಳಲಿಲ್ಲ. ಚಿಕ್ಕತಿಮ್ಮಪ್ಪ ಎದ್ದು ಹೊರಗೆ ಹೋಗಿ ಕೂತ. ಅವನೇ ಆಮೇಲೆ ನಾಲ್ಕು ಊರು ವಿಚಾರಿಸಿ, ಕಾಟಯ್ಯ ದಾವಣಗೆರೆಯಲ್ಲಿ ಹತ್ತಿ ಮಿಲ್ಲಿಗೆ ಸೇರಿದ್ದಾನೆ ಅಂತ ಪತ್ತೆ ಮಾಡಿಕೊಂಡು ಬಂದ.

ಅಪ್ಪ ಅವನಿಗೆ ಹೊದೆಸಿದ್ದ ಕಂಬಳಿ ತೆಗೆದುಕೊಂಡು ಹೋದೆ. ಮಿಲ್ಲಿನ ಗೇಟಿನ ಮುಂದೆ ಮೂರು ತಾಸು ಕಾದೆ. ಹೊರಗೆ ಬಂದವನ ತಲೆ, ರೆಪ್ಪೆ ಎಲ್ಲ ಹತ್ತಿಯ ಧೂಳು. ಗುರುತು ಹಿಡಿಯಲಿಲ್ಲ ನಾನು. ಅವನೇ ಅಣ್ಣ ಅಂದ. ಅವ್ವ ಹೋದದ್ದು ಹೇಳಿದೆ. ಅಲ್ಲೇ ನೆಲದ ಮೇಲೆ ಕೂತ. ಆಮೇಲೆ ಆ ಸೋಮವಾರದ ಮಾತು ತಾನಾಗಿಯೇ ಹೇಳಿದ. ಹಿರಿಯೂರಲ್ಲಿ ಒಬ್ಬ ಫೋಟೋದವನ ಹತ್ತಿರ ಹೋಗುತ್ತಿದ್ದನಂತೆ. ಪ್ರತಿ ಸೋಮವಾರ ಅವನ ಅಂಗಡಿ ಗುಡಿಸಿ, ನೀರು ಹೊತ್ತು, ಕ್ಯಾಮೆರಾ ಹಿಡಿಯುವುದು ಕಲಿಯುತ್ತಿದ್ದ. ನೀನು ಅವ್ವನ ಪಟ ಕಳಿಸುವುದರೊಳಗೆ ತಾನೂ ಒಂದು ತೆಗೆದು ತೋರಿಸಬೇಕು ಅಂತ ಇದ್ದನಂತೆ. ಇದನ್ನು ಹಿರಿಯರ ಮುಂದೆ ಯಾಕೆ ಹೇಳಲಿಲ್ಲ ಅಂದೆ. ಮಂದೆ ಬಿಟ್ಟು ಪಟ ಕಲಿಯಲು ಹೋದವನು ಅನ್ನುವುದಕ್ಕಿಂತ ನಾಚಿಕೆ ಬೇರೆ ಇಲ್ಲ ಅನಿಸಿತಂತೆ. ಆಣೆ ಇಟ್ಟಿದ್ದೆನಲ್ಲ, ನೀನು ನಂಬುತ್ತೀ ಅಂದುಕೊಂಡಿದ್ದೆ ಅಂದ.

ನಂಬದವನು ನಾನು. ಅದು ನಿನ್ನ ತಪ್ಪಲ್ಲ, ನನ್ನದು. ಅದನ್ನು ನಿನ್ನ ಮೇಲೆ ಹಾಕುವುದಿಲ್ಲ.

ಅವನು ತೆಗೆದ ಪಟ ಅವನಿಗೆ ಕೊಟ್ಟೆ. ಬೆರಳಿನಿಂದ ಅವ್ವನ ತಲೆ ಸವರಿ, "ಸೆರಗು ಮೇಲ್ಗಡೆ ಕಟ್ಟಾಗೈತೆ, ಇನ್ನೊಂದು ಹೆಜ್ಜೆ ಹಿಂದಕ್ಕೆ ನಿಂತ್ಕಬೇಕಿತ್ತು" ಅಂದ. ಕಂಬಳಿ ಬಿಚ್ಚಿ ಹೆಗಲಿಗೆ ಹಾಕಲು ಹೋದೆ. ಹಿಂದಕ್ಕೆ ಸರಿದ. ಸಿಟ್ಟಿರಲಿಲ್ಲ. "ಬ್ಯಾಡ ಅಣ್ಣ, ಮಿಲ್ನಾಗೆ ಸೆಕೆ ಐತೆ" ಅಂದ. ಎರಡನೆಯ ಪಾಳಿಯ ಗಂಟೆ ಹೊಡೆಯಿತು, ಒಳಗೆ ಹೋದ. ಅವ್ವನಿಗೆ ಕೊಟ್ಟ ಮಾತನ್ನು ಮಡಿಚಿಕೊಂಡು ಅದೇ ಬಸ್ಸಿಗೆ ವಾಪಸು ಬಂದೆ.

ಹೆಣ್ಣು ಹಕ್ಕಿ ಈ ಬೇಸಿಗೆಯಿಂದ ಕಾಣುತ್ತಿಲ್ಲ. ಹೊಸದುರ್ಗದ ಕಡೆ ಹೋಗಿರಬಹುದು ಅನ್ನುತ್ತಾರೆ. ಸತ್ತಿರಬಹುದು ಅಂತ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಬರುತ್ತೇನೆ ಅಂತ ಬರೆದಿದ್ದೀಯ. ಬರಬೇಡ. ಕಾಲು ಹಿಡಿಯಲು ಇಲ್ಲಿ ಯಾರೂ ಇಲ್ಲ. ಕಾಗದ ಬರೆಯಬೇಡ ಅನ್ನುವುದಿಲ್ಲ, ಬಂದರೆ ಓದುತ್ತೇನೆ. ಉತ್ತರ ಬರೆಯಲಾರೆ.

ಅವ್ವನ ಕಂಬಳಿ ಇಟ್ಟುಕೊಂಡೆ. ಹಕ್ಕಿಯ ಪಟ ಇದರೊಳಗೆ ವಾಪಸು ಇಟ್ಟಿದ್ದೇನೆ. ಒಂದೂವರೆ ವರ್ಷ ದೇವರ ಗೂಡಿನ ಪಕ್ಕ ಇತ್ತು, ದಿನಾ ನೋಡಿದ್ದೇನೆ. ಅದು ನಿನ್ನನ್ನು ನಂಬಿ ನೋಡಿತು ಅಂತ ನೀನು ಬರೆದಿದ್ದೆ. ಚೆನ್ನಾಗಿ ನೋಡು ಪರಮೇಶಿ. ಅದು ನಿನ್ನ ಮುಖ ನೋಡಿಯೇ ಇಲ್ಲ. ನೋಡಿದ್ದು ಅವ್ವನ ಕಂಬಳಿಯನ್ನು.

ಮುದ್ದಣ್ಣ